ನಾಲ್ಕು ಬೆರಳು ಹಿಂದಕ್ಕೆ

ಡ್ರೈವಿಂಗ್ ಪರೀಕ್ಷೆಯಲ್ಲಿ ಐದು ಸಲ ಫೇಲಾದವಳು ನಾನು.
ಐದನೆಯ ಸಲ ಪರೀಕ್ಷಕ ಬೆಲ್ಟು ಬಿಚ್ಚಿಕೊಂಡು ಇಳಿದು
ಟ್ರಾಮಿನ ಹಳಿ ದಾಟಿ ನಡೆದೇ ಹೋದ,
ಒಂದು ಮಾತೂ ಆಡದೆ.
ಆಗ ನನಗೆ ಮೂವತ್ತೊಂದು. ಈಗ ಐವತ್ತೆಂಟು.
ಲಿಯೆಪಾಯಾದ ಹಡಗುಕಟ್ಟೆಯಲ್ಲಿ ಬೆಸುಗೆ ನನ್ನ ಕಸುಬು.
ನಾನು ಹೊಲಿದ ಹಡಗು ಯಾವುದೂ ಮುಳುಗಿಲ್ಲ,
ಅಷ್ಟು ಹೇಳಬಲ್ಲೆ.

ಸ್ಟಿಯರಿಂಗ್ ಸಿಕ್ಕಿದ್ದು ನೌರಿಸ್ ಎಂಬ ಹುಡುಗನಿಂದ, ಅರ್ಧ ಬೆಲೆಗೆ.
ಎಡಕ್ಕೆ ತಿರುಗಿಸಿದರೆ ಒಳಗೆಲ್ಲೋ ಟಿಕ್ ಅನ್ನುತ್ತದೆ.
"ಅದು ರೋಗವಲ್ಲ, ಚಟ" ಅಂದ.
ಸೀಟು ಗುಜರಿಗೆ ಬಿದ್ದ ಒಪೆಲ್ ಕಾರಿನದು;
ಸಂದಿಗೆ ಕೈ ಹಾಕಿದರೆ ಯೂರೋ ಬರುವ ಮುಂಚಿನ
ಎರಡು ಸಾಂತಿಮ್ ನಾಣ್ಯ, ಒಂದು ಅಂಗಿಗುಂಡಿ.

ಇಲ್ಗವರ್ಸ್ ಕಿಟಕಿ ಚೌಕಟ್ಟು ಮಾಡುವವನು.
"ಪೂರಾ ಮರದಲ್ಲೇ ಆಗಲಿ" ಅಂದ.
"ಬ್ರೇಕು ಒದೆ ತಿನ್ನುವ ಜಾಗ, ಕಬ್ಬಿಣವೇ ಬೇಕು" ಅಂದೆ.
ಎರಡು ದಿನ ಉಪ್ಪು ಹೆಚ್ಚಾದ ಸಾರು, ಕಡಿಮೆಯಾದ ಮಾತು.
ಕೊನೆಗೆ ಸೊಂಟದಿಂದ ಮೇಲೆ ಅವನದು, ಕೆಳಗೆ ನನ್ನದು:
ಬರ್ಚ್ ಪ್ಲೈವುಡ್ಡಿನ ಪಕ್ಕೆ, ಚೌಕ ಪೈಪಿನ ಕಾಲು.

ಅಳತೆಗೆಂದು ಅಡುಗೆಮನೆಯ ನೆಲದ ಮೇಲೆ ನನ್ನನ್ನು ಮಲಗಿಸಿ
ಸುತ್ತ ಸೀಮೆಸುಣ್ಣದಲ್ಲಿ ಗೆರೆ ಎಳೆದ.
"ಮಂಡಿ ಇನ್ನಷ್ಟು ಮಡಿಸು. ಮೊಣಕೈ ಜೋತುಬೀಳಬಾರದು."
ಮದುವೆಯ ಬಟ್ಟೆಗೆ ದರ್ಜಿಯೂ ಇಷ್ಟು ಅಳೆದಿರಲಿಲ್ಲ.
ಎದ್ದು ನೋಡಿದರೆ, ಕೊಲೆಯಾದಲ್ಲಿ ಪೊಲೀಸರು ಬರೆಯುವ ಚಿತ್ರ;
ಆದರೆ ಸತ್ತವಳ ಎರಡೂ ಕೈ ಏನನ್ನೋ ಬಿಗಿಯಾಗಿ ಹಿಡಿದಿದ್ದವು.

ಬೆಸುಗೆಗೊಂದು ಚಾಳಿ:
ಆರುವಾಗ ಎಲ್ಲವನ್ನೂ ತನ್ನ ಕಡೆಗೇ ಎಳೆದುಕೊಳ್ಳುತ್ತದೆ.
ಮೂಲೆಮಟ್ಟ ಇಟ್ಟರೆ ಎರಡು ನೂಲು ಸೊಟ್ಟ.
ಹಡಗಾದರೆ ಸಮುದ್ರ ಹೊಂದಿಕೊಂಡು ಹೋಗುತ್ತದೆ.
ಇಲ್ಗವರ್ಸ್ ರಸಮಟ್ಟದ ಗುಳ್ಳೆಯನ್ನೇ ನೋಡುತ್ತ ನಿಂತ,
ಬೈಯುತ್ತಾನೆ ಅಂದುಕೊಂಡೆ.
ಉಜ್ಜುಗೊರಡು ತಂದು ತನ್ನ ಪೈನ್ ಪಟ್ಟಿಯನ್ನೇ
ಎರಡು ನೂಲು ಹೆರೆದ.
ಹೆರೆತ ಸುರುಳಿ ಸುರುಳಿಯಾಗಿ ನನ್ನ ಬೂಟಿನ ಮೇಲೆ ಬಿತ್ತು.

ಮೊದಲ ಶನಿವಾರ.
ಪರದೆಯಲ್ಲಿ ಬೆಟ್ಟದ ದಾರಿ; ನಮ್ಮಲ್ಲಿ ಬೆಟ್ಟವೆಂದರೆ
ಗಾಳಿ ಗುಡ್ಡೆಹಾಕಿದ ಮರಳು, ಅಷ್ಟೆ.
ಮೂರನೆಯ ತಿರುವಿನಲ್ಲಿ ಬ್ರೇಕು ತುಳಿದೆ,
ಮೈಭಾರವೆಲ್ಲ ಬಲಗಾಲಿಗಿಳಿಸಿ.
ಪರದೆಯ ಕಾರು ನಿಲ್ಲಲಿಲ್ಲ, ಬೇಲಿ ಮುರಿದು ಕಾಡಿಗೆ ನುಗ್ಗಿತು.
ಇತ್ತ ನಾನು, ಸೀಟು, ಅವನ ಪಕ್ಕೆ, ನನ್ನ ಕಾಲು
ಎಲ್ಲ ಒಟ್ಟಿಗೆ, ಲಿನೋಲಿಯಮ್ ಮೇಲೆ ಕಿರ್ರೆಂದು
ಹಿಂದಕ್ಕೆ ಸರಿದೆವು.
ನಾಲ್ಕು ಬೆರಳು.
ಕೆಳಮನೆಯ ವೆಲ್ತಾ ಪೊರಕೆಕೋಲಿನಲ್ಲಿ ತನ್ನ ಚಾವಣಿ ಕುಟ್ಟಿದಳು.

ಇಲ್ಗವರ್ಸ್ ಮಂಡಿಯೂರಿ ಕಿವಿಯ ಹಿಂದಿನ ಪೆನ್ಸಿಲ್ ತೆಗೆದು
ಪೈಪಿನ ಅಂಚಿಗೆ ಗುರುತು ಹಾಕಿದ.
"ಲಾರಿಯ ರಬ್ಬರು ಕತ್ತರಿಸಿ ಅಡಿಗಿಟ್ಟರೆ ಕದಲುವುದಿಲ್ಲ."
ಬೇಡ ಅಂದೆ.
ಪಕ್ಕದಲ್ಲಿ ಯಾರೂ ಹೆದರಿ ಬಾಗಿಲ ಹಿಡಿ ಹಿಡಿದುಕೊಳ್ಳದೆ
ನಾನೊಬ್ಬಳೇ ಓಡಿಸಿದ ಗಾಡಿ
ಈ ಭೂಮಿಯ ಮೇಲೆ ಹೋದ ದೂರ ಅಷ್ಟು.
ಹಿಂದಕ್ಕೆ ಹೋಯಿತು, ಅದೂ ಬ್ರೇಕು ಹಾಕಿದ್ದಕ್ಕೆ.
ಇರಲಿ.

ಈಗ ಜನವರಿ. ನೆಲದಲ್ಲಿ ಹತ್ತೊಂಬತ್ತು ಗೆರೆ,
ಹಿಂದಿನ ಗೋಡೆಗೆ ಇನ್ನೊಂದೇ ಗೇಣು.
ಮೊನ್ನೆ ವೆಲ್ತಾ ಪೊರಕೆ ಸಮೇತ ಮೇಲೆ ಬಂದಳು, ಜಗಳಕ್ಕೆ.
ಅದೇನದು ತೋರಿಸು ಅಂದಳು. ಕೂತಳು. ಪಕ್ಕೆ ಸವರಿದಳು.
ಪೊರಕೆಯನ್ನು ತೊಡೆಯ ಮೇಲೆ ಅಡ್ಡ ಇಟ್ಟುಕೊಂಡೇ
ಮೂರನೆಯ ತಿರುವು ದಾಟಿಬಿಟ್ಟಳು,
ಹಾಳಾದವಳು.